ಗಂಟೆಗೋಪುರ ನೋಡ್ಕೊಂಡು ನಡೆಯಿರಿ: ಫ್ರಾನ್ಸಿನ ಹಳ್ಳಿದಾರಿಯಲ್ಲಿ ಹತ್ತು ದಿನ

ಮಧ್ಯಾಹ್ನ ಒಂದು ಗಂಟೆ. ನೀರಿನ ಬಾಟಲಿ ಖಾಲಿ. ಊರಿಗಿದ್ದ ಒಂದೇ ಅಂಗಡಿಗೆ ಬೀಗ. ಊಟಕ್ಕೆ ಹೋದ ಅಂಗಡಿಯವರು ಎರಡು ಗಂಟೆ ಆಗದೆ ಬರುವುದಿಲ್ಲ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಆಗ ನನ್ನ ಕೈ ಹಿಡಿದದ್ದು ಸ್ಮಶಾನ! ಚರ್ಚಿಗೆ ಅಂಟಿಕೊಂಡ ಸಮಾಧಿಗಳ ಅಂಗಳದಲ್ಲಿ, ಹೂಕುಂಡಗಳಿಗೆ ನೀರು ಹಾಕಲೆಂದು ಗೇಟಿನ ಹತ್ತಿರ ಒಂದು ನಲ್ಲಿ ಇತ್ತು. ಪಕ್ಕದಲ್ಲಿ ಹಸಿರು ಕ್ಯಾನುಗಳ ಸಾಲು. ಜೊತೆಗೆ ನಡೆಯುತ್ತಿದ್ದ ಫ್ರೆಂಚ್ ಅಜ್ಜಿಯೊಬ್ಬರು ಸಲೀಸಾಗಿ ಹೋಗಿ ಬಾಟಲಿ ತುಂಬಿಸಿಕೊಂಡರು. ನಾನು ಸ್ವಲ್ಪ ಹಿಂದೆಮುಂದೆ ನೋಡಿ, ಆಮೇಲೆ ತುಂಬಿಸಿಕೊಂಡೆ.

ಅವತ್ತಿನಿಂದ ನಾನು ಮ್ಯಾಪಿಗಿಂತ ಜಾಸ್ತಿ ಚರ್ಚಿನ ಗೋಪುರ ನೋಡಿಕೊಂಡು ನಡೆದೆ. ದೇವರ ಮೇಲೆ ನಂಬಿಕೆ ಇರಲಿ, ಇಲ್ಲದಿರಲಿ, ಅಲ್ಲಿ ಕಾಲ್ನಡಿಗೆಯವರಿಗೆ ನೀರು, ನೆರಳು, ಮಳೆಗೆ ಆಸರೆ, ಹೊತ್ತು ಗೊತ್ತು ಎಲ್ಲ ಸಿಗುವುದು ಆ ಗೋಪುರದ ಬುಡದಲ್ಲೇ.

ಮೊದಲು ದಾರಿ ಆರಿಸಿಕೊಳ್ಳಿ

ಫ್ರಾನ್ಸಿನ ಉದ್ದಗಲಕ್ಕೂ ಗುರುತು ಹಾಕಿದ ಕಾಲುದಾರಿಗಳಿವೆ. ದೂರದ ದಾರಿಗಳಿಗೆ 'ಜಿಆರ್' ಅಂತ ಹೆಸರು, ಮುಂದೊಂದು ನಂಬರು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಜಿಆರ್ 65. ಇದು ಲ ಪುಯಿ ಎಂಬ ಊರಿನಿಂದ ಹೊರಟು ಸ್ಪೇನ್ ಗಡಿ ಕಡೆಗೆ ಹೋಗುತ್ತದೆ. ಮುಂದೆ ಅದೇ ದಾರಿ ಸ್ಪೇನಿನ ಸಾಂತಿಯಾಗೊ ಎಂಬ ಯಾತ್ರಾಸ್ಥಳ ಮುಟ್ಟುತ್ತದೆ. ಲ ಪುಯಿಯ ಬಿಷಪ್ ಗೊದೆಸ್ಕಾಲ್ಕ್ ಹತ್ತನೇ ಶತಮಾನದಲ್ಲೇ ಆ ಯಾತ್ರೆಗೆ ಹೋಗಿಬಂದಿದ್ದ. ಸಾವಿರ ವರ್ಷದಿಂದ ಜನ ನಡೆದ ದಾರಿ ಅನ್ನುವುದಕ್ಕೇ ದಾರಿಯುದ್ದಕ್ಕೂ ಇಷ್ಟೊಂದು ಚರ್ಚು, ಗುಡಿಯಷ್ಟೇ ಸಣ್ಣ ಚಾಪೆಲ್ಲು, ಕಲ್ಲು ಶಿಲುಬೆಗಳು.

ಪೂರ್ತಿ ನಡೆಯಬೇಕಿಲ್ಲ. ಲ ಪುಯಿಯಿಂದ ಕಾಂಕ್ ಎಂಬ ಹಳ್ಳಿಯವರೆಗೆ ಸುಮಾರು 200 ಕಿ.ಮೀ. ಇದೆ. ದಿನಕ್ಕೆ ಇಪ್ಪತ್ತರಂತೆ ಹತ್ತು ದಿನ. ಬಸಾಲ್ಟ್ ಕಲ್ಲಿನ ಗುಡ್ಡ, ಅಲ್ಲಿಯೆ ಎಂಬ ಹೆಸರಿನ ನದಿಯ ಕಣಿವೆ, ಓಬ್ರಾಕ್ ಎಂಬ ಬೋಳು ಹುಲ್ಲುಗಾವಲು, ಕೊನೆಗೆ ಲೋ ನದಿಯ ದಡ. ಎರಡು ಮೂರು ದಿನಕ್ಕೊಮ್ಮೆ ನೋಟ ಪೂರ್ತಿ ಬದಲಾಗುತ್ತದೆ. ರಜೆ ಕಡಿಮೆ ಇದ್ದರೆ ನಾಸ್ಬಿನಾಲ್‌ನಿಂದ ಎಸ್ತ್ಯಾಂವರೆಗಿನ ಮೂರು ದಿನ ಸಾಕು. ಅದರಲ್ಲಿ ನಾಸ್ಬಿನಾಲ್-ಸ್ಯಾಂ ಶೆಲಿ ಮತ್ತು ಸ್ಯಾಂ ಕೋಮ್-ಎಸ್ತ್ಯಾಂ ತುಣುಕುಗಳು 1998ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಎರಡೂ ತಲಾ ಸುಮಾರು 17 ಕಿ.ಮೀ.

ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯ ಕಾಲ. ಓಬ್ರಾಕ್ 1300 ಮೀಟರ್ ಎತ್ತರದಲ್ಲಿದೆ, ಏಪ್ರಿಲ್‌ನಲ್ಲೂ ಅಲ್ಲಿ ಹಿಮ ಬೀಳುವುದುಂಟು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬೇಟೆಯ ಕಾಲ ಶುರುವಾಗಿರುತ್ತದೆ. ಆಗ ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಹಾಕಿಕೊಳ್ಳಿ. ಕಂದು, ಹಸಿರು ಬೇಡ.

ಹೊರಡುವ ಮುಂಚೆ

ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಬೆಂಗಳೂರಿನಲ್ಲೇ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅವಕಾಶ ಇದೆ. ಕೊನೇ ಗಳಿಗೆಗೆ ಬಿಡಬೇಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಪ್ರತಿ ರಾತ್ರಿ ಎಲ್ಲಿ ಉಳಿಯುತ್ತೀರಿ ಅನ್ನುವುದನ್ನೂ ತೋರಿಸಬೇಕು. ಹಾಗಾಗಿ ವಸತಿ ಮೊದಲೇ ಬುಕ್ ಮಾಡಿ. ಇಮೇಲ್ ಬರೆದರೆ ಸಾಕು, ಸಣ್ಣ ಸಣ್ಣ ಊರಿನವರೂ ಉತ್ತರ ಕೊಡುತ್ತಾರೆ.

ಈ ವಸತಿಗಳಿಗೆ ಅಲ್ಲಿ 'ಜೀತ್' ಅಂತ ಹೆಸರು. ನಮ್ಮ ಜೀತ ಅಲ್ಲ! ಆರೆಂಟು ಮಂಚದ ಕೋಣೆ, ಬಿಸಿನೀರು, ರಾತ್ರಿ ಊಟ, ಬೆಳಗ್ಗೆ ಬ್ರೆಡ್ಡು ಕಾಫಿ. ರಾತ್ರಿ ಊಟ, ತಿಂಡಿ, ಮಲಗುವ ಜಾಗ ಸೇರಿಸಿ 'ದೆಮಿ ಪಾನ್ಸಿಯೋಂ' ಅಂತ ಕೇಳಿ. 50 ಯೂರೋ ಆಸುಪಾಸು ಆಗುತ್ತದೆ. ಬೂಟನ್ನು ಬಾಗಿಲಲ್ಲೇ ಬಿಚ್ಚಿಡಬೇಕು ಅನ್ನುವುದು ಅಲ್ಲಿನ ಕಟ್ಟುನಿಟ್ಟು. ನಮಗೇನು ಹೊಸದಲ್ಲ ಬಿಡಿ. ಕೆಲವು ಕಡೆ ತಿಗಣೆ ಭಯಕ್ಕೆ ಬ್ಯಾಗನ್ನೂ ಹೊರಗೇ ಇಡಿಸುತ್ತಾರೆ.

ಬೆನ್ನ ಮೇಲಿನ ಹೊರೆ ಏಳೆಂಟು ಕೆ.ಜಿ. ದಾಟದಿರಲಿ. ಎರಡು ಜೊತೆ ಬಟ್ಟೆ, ಮಳೆಕೋಟು, ಬೆಚ್ಚನೆಯದೊಂದು, ತೆಳು ಸ್ಲೀಪಿಂಗ್ ಬ್ಯಾಗು, ಮೂರು ಜೊತೆ ಕಾಲುಚೀಲ. ಬೂಟು ಹೊಸದಾದರೆ ಇಲ್ಲೇ ಒಂದು ತಿಂಗಳು ಹಾಕಿ ಪಳಗಿಸಿ. ಎರಡನೇ ದಿನ ಸ್ಯಾಂ ಪ್ರಿವಾ ಬಿಟ್ಟ ಮೇಲೆ ಮೊನಿಸ್ತ್ರೋಲ್‌ಗೆ ಇಳಿಯುವ ಕಲ್ಲುದಾರಿಯಲ್ಲಿ ನನ್ನ ಹೊಸ ಬೂಟು ಎರಡೂ ಹೆಬ್ಬೆರಳಿನ ಉಗುರು ತಿಂದಿತು. ಇನ್ನೊಂದು ಮಾತು, ಕಿವಿಗೆ ಇಟ್ಟುಕೊಳ್ಳುವ ಇಯರ್ ಪ್ಲಗ್ ಮರೀಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪ್ಯಾರಿಸ್‌ನಿಂದ ಲಿಯೋಂ, ಅಲ್ಲಿಂದ ಸ್ಯಾಂತೆತಿಯೆನ್, ಅಲ್ಲಿಂದ ಲ ಪುಯಿ. ಪೂರ್ತಿ ರೈಲಿನಲ್ಲೇ ಹೋಗಬಹುದು. ಹಿಂದಿನ ದಿನವೇ ಹೋಗಿ ಉಳಿಯಿರಿ. ಬಂಡೆಯೊಂದರ ನೆತ್ತಿಯ ಮೇಲೆ ಸ್ಯಾಂ ಮಿಶೆಲ್ ಚಾಪೆಲ್ ಇದೆ, 268 ಮೆಟ್ಟಿಲು. ಹತ್ತಿ ನೋಡಿದರೆ ಕಾಲಿಗೆ ಪರೀಕ್ಷೆಯೂ ಆಯಿತು. ಕಥೀಡ್ರಲ್‌ನಲ್ಲಿ ಯಾತ್ರಿಕರ ಪಾಸ್‌ಪೋರ್ಟ್ ಥರದ ಪುಸ್ತಕ ಕೊಡುತ್ತಾರೆ. ದಾರಿಯುದ್ದಕ್ಕೂ ಅದಕ್ಕೆ ಮೊಹರು ಹಾಕಿಸಿಕೊಳ್ಳಬಹುದು. ಬೆಳಗ್ಗೆ 7 ಗಂಟೆಗೆ ಯಾತ್ರಿಕರ ಪೂಜೆ. ಅದು ಮುಗಿದ ಮೇಲೆ ಕಥೀಡ್ರಲ್‌ನ ನಡುವಿನ ನೆಲದಲ್ಲಿರುವ ಕಬ್ಬಿಣದ ಜಾಲರಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಮೆಟ್ಟಿಲಿಳಿದು ನೇರ ಊರಿನ ಬೀದಿಗೆ. ಕ್ರೈಸ್ತರಲ್ಲದವರೂ ಕೂರಬಹುದು, ಯಾರೂ ಕೇಳುವುದಿಲ್ಲ.

ಬಿಳಿ ಮೇಲೆ, ಕೆಂಪು ಕೆಳಗೆ

ಮರ, ಕಂಬ, ಗೋಡೆ, ಕಲ್ಲು, ಎಲ್ಲೆಂದರಲ್ಲಿ ಎರಡು ಅಡ್ಡ ಪಟ್ಟೆ ಕಾಣುತ್ತವೆ. ಬಿಳಿ ಮೇಲೆ, ಕೆಂಪು ಕೆಳಗೆ ಇದ್ದರೆ ಸರಿ ಹೋಗುತ್ತಿದ್ದೀರಿ. ಅದರ ಕೆಳಗೊಂದು ಬಾಗಿದ ಬಾಣ ಇದ್ದರೆ ಆ ಕಡೆ ತಿರುಗಿ. ಬಿಳಿ-ಕೆಂಪು ಗುಣಾಕಾರ ಚಿಹ್ನೆ ಇದ್ದರೆ ಆ ದಾರಿ ನಿಮ್ಮದಲ್ಲ. ಹಳದಿ ಪಟ್ಟೆ ಊರಿನ ಸುತ್ತಲಿನ ಸಣ್ಣ ದಾರಿಗಳದ್ದು, ಅದನ್ನು ಹಿಡಿದರೆ ಸುತ್ತಿ ಅಲ್ಲಿಗೇ ಬರುತ್ತೀರಿ. ಹತ್ತು ನಿಮಿಷ ನಡೆದರೂ ಪಟ್ಟೆ ಕಾಣಲಿಲ್ಲವೋ, ಹಿಂದಕ್ಕೆ ಬನ್ನಿ. 'ಮುಂದೆ ಸಿಗಬಹುದು' ಅಂತ ಹೋದವರೆಲ್ಲ ಎರಡು ಕಿಲೋಮೀಟರ್ ಜಾಸ್ತಿ ನಡೆದವರೇ.

ದನ ಮೇಯುವ ಹೊಲಗಳ ನಡುವೆಯೇ ದಾರಿ ಹಾದುಹೋಗುತ್ತದೆ. ನೀವು ತೆರೆದ ಗೇಟು ಮುಚ್ಚಿಯೇ ಮುಂದೆ ಹೋಗಬೇಕು. ಕರು ಹಾಕಿದ ಹಸುವಿನ ಹತ್ತಿರ ಹೋಗಿ ಫೋಟೋ ತೆಗೆಯುವ ಆಸೆ ಬೇಡ. ಓಬ್ರಾಕ್ ಹಸುಗಳು ನೋಡಲು ಚಂದ. ಗೋಧಿ ಬಣ್ಣ, ಕಾಡಿಗೆ ಹಚ್ಚಿದಂಥ ಕಣ್ಣು. ಕೊಂಬು ಮಾತ್ರ ಉದ್ದ.

ಚರ್ಚನ್ನು ಬಳಸಿಕೊಳ್ಳುವುದು ಹೇಗೆ

ದೂರದಿಂದ ಮೊದಲು ಕಾಣುವುದೇ ಗೋಪುರ. ಲ ಪುಯಿ ಸುತ್ತಲಿನ ಹಳ್ಳಿಗಳಲ್ಲಿ ಅದು ಗೋಪುರವೂ ಅಲ್ಲ, ಬರೀ ಗೋಡೆ. ಚರ್ಚಿನ ಒಂದು ಗೋಡೆಯನ್ನೇ ಮೇಲಕ್ಕೆಬ್ಬಿಸಿ, ಸಾಲಾಗಿ ಕಿಂಡಿ ಬಿಟ್ಟು, ಕಿಂಡಿಗೊಂದು ಗಂಟೆ ತೂಗುಹಾಕಿದ್ದಾರೆ. ಅಲ್ಲಿನವರು ಅದನ್ನು ಬಾಚಣಿಗೆ ಅಂತಲೇ ಕರೆಯುತ್ತಾರೆ. ಮೊದಲ ದಿನವೇ ಸ್ಯಾಂ ಕ್ರಿಸ್ತೋಫ್ ಎಂಬ ಹಳ್ಳಿಯಲ್ಲಿ ಇಂಥದ್ದು ಸಿಗುತ್ತದೆ. ನಾಸ್ಬಿನಾಲ್‌ಗೆ ಬಂದರೆ ಎಂಟು ಮೂಲೆಯ ಗೋಪುರ. ಸ್ಯಾಂ ಕೋಮ್‌ನದ್ದು ಶಂಖದ ತುದಿಯ ಹಾಗೆ ತಿರುಚಿಕೊಂಡಿದೆ.

ಬಾಗಿಲು ಮುಚ್ಚಿದೆ ಅಂದಮಾತ್ರಕ್ಕೆ ಬೀಗ ಹಾಕಿದೆ ಅಂತಲ್ಲ. ಚಿಲಕ ಎತ್ತಿ ಭುಜ ಕೊಟ್ಟು ನೂಕಿ. 'ದಯವಿಟ್ಟು ಬಾಗಿಲು ಮುಚ್ಚಿ, ಹಕ್ಕಿ ಒಳಗೆ ಬರುತ್ತವೆ' ಅಂತ ಚೀಟಿ ಅಂಟಿಸಿರುತ್ತಾರೆ, ಪಾಲಿಸಿ. ಒಳಗೆ ಕತ್ತಲು, ತಂಪು, ಮೇಣದ ವಾಸನೆ. ಬಾಗಿಲ ಪಕ್ಕದ ಮೇಜಿನ ಮೇಲೆ ಎಷ್ಟೋ ಕಡೆ ಇಂಕ್ ಪ್ಯಾಡು, ಮೊಹರು ಇಟ್ಟಿರುತ್ತಾರೆ. ನೀವೇ ಒತ್ತಿಕೊಳ್ಳಬಹುದು.

ಬೀಗವೇ ಹಾಕಿದ್ದರೆ ಪಾದ್ರಿಯನ್ನು ಹುಡುಕಬೇಡಿ, ಸಿಗುವುದು ಕಷ್ಟ. ಒಬ್ಬೊಬ್ಬ ಪಾದ್ರಿಗೆ ಹತ್ತಾರು ಹಳ್ಳಿ. 'ಮೆರಿ' ಅಂತ ಬೋರ್ಡಿರುವ ಊರಿನ ಆಡಳಿತ ಕಚೇರಿಯಲ್ಲಿ ಕೇಳಿ. ಇದಕ್ಕೊಂದು ಕಾರಣ ಇದೆ. 1905ರ ಕಾನೂನು ಸರ್ಕಾರವನ್ನೂ ಚರ್ಚನ್ನೂ ಬೇರೆ ಮಾಡಿತು. ಅದಕ್ಕಿಂತ ಮುಂಚೆ ಕಟ್ಟಿದ ಹಳ್ಳಿ ಚರ್ಚುಗಳು ಸಾಮಾನ್ಯವಾಗಿ ಊರಿನ ಆಸ್ತಿ. ನಮ್ಮ ಲೆಕ್ಕದಲ್ಲಿ ಗ್ರಾಮ ಪಂಚಾಯಿತಿಯದ್ದು ಅಂದುಕೊಳ್ಳಿ. ಸೂರು ಸೋರಿದರೆ ಅದು ಮೇಯರ್ ತಲೆನೋವು. ಕೀಲಿಕೈ ಎದುರುಮನೆ ಅಜ್ಜಿಯ ಹತ್ತಿರವೂ ಇರಬಹುದು. ಮೊದಲು 'ಬೋಂಜೂರ್' ಅಂದು, ಆಮೇಲೆ ವಿಷಯಕ್ಕೆ ಬನ್ನಿ. ನಮಸ್ಕಾರ ಹೇಳದೆ ನೇರ ಪ್ರಶ್ನೆ ಕೇಳಿದರೆ ಅಲ್ಲಿ ಬಾಗಿಲು ಅರ್ಧವೇ ತೆರೆಯುವುದು.

ನೀರಿನ ವಿಷಯ. ನಲ್ಲಿ ಮೇಲಿನ ಬೋರ್ಡಿನಲ್ಲಿ ಎನ್-ಓ-ಎನ್ ಅನ್ನುವ ಮೂರಕ್ಷರದ ಪದ ಇದ್ದರೆ ಕುಡಿಯಬೇಡಿ, ಅದರರ್ಥ 'ಅಲ್ಲ'. ಸಮಾಧಿಗಳ ಅಂಗಳಕ್ಕೆ ಹೋದರೆ ಗೇಟು ಮುಚ್ಚಿ ಬನ್ನಿ, ಅಲ್ಲಿ ಕೂತು ತಿನ್ನುವುದು ಬೇಡ. ಬುತ್ತಿ ಬಿಚ್ಚಲು ಚರ್ಚಿನ ಬಾಗಿಲಿನ ಮುಂದಿನ ಕಲ್ಲುಕಟ್ಟೆ ಇದೆ. ಮಳೆ ಬಂದರೂ ನೆನೆಯುವುದಿಲ್ಲ. ಎದುರಿಗೇ ಯುದ್ಧದಲ್ಲಿ ಸತ್ತವರ ಸ್ಮಾರಕ ಇರುತ್ತದೆ. ಹತ್ತು ಮನೆಯ ಊರಲ್ಲೂ 1914-1918ರ ಹೆಸರುಗಳ ಪಟ್ಟಿ ಉದ್ದ, ಒಂದೇ ಮನೆತನದ ಹೆಸರು ಮೂರು ನಾಲ್ಕು ಸಲ. ಈ ಊರು ಯಾಕಿಷ್ಟು ಖಾಲಿ ಅನ್ನೋದಕ್ಕೆ ಅರ್ಧ ಉತ್ತರ ಆ ಕಲ್ಲಿನಲ್ಲೇ ಇದೆ.

ಇನ್ನು ಗಂಟೆ. ಬೆಳಗ್ಗೆ 7, ಮಧ್ಯಾಹ್ನ 12, ಸಂಜೆ 7ಕ್ಕೆ ಪ್ರಾರ್ಥನೆಯ ಗಂಟೆ. ಮೂರು, ಮೂರು, ಮೂರು ಹೊಡೆದು, ಆಮೇಲೆ ಒಂದೇ ಸಮ. ಮಧ್ಯಾಹ್ನದ ಗಂಟೆ ಕೇಳಿಸಿತೋ, ಅಂಗಡಿಗೆ ಓಡಿ. ಇದಲ್ಲದೆ ಗಡಿಯಾರದ ಗಂಟೆಯೂ ಉಂಟು. ಎಷ್ಟೋ ಊರುಗಳಲ್ಲಿ ಅದು ಎರಡೆರಡು ಸಲ ಹೊಡೆಯುತ್ತದೆ. ಮೊದಲ ಸಲ ಎಣಿಸಲು ತಪ್ಪಿದವರಿಗೆ ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ. ಇದು ಗೊತ್ತಿಲ್ಲದೆ ನಾನು ಒಂದು ರಾತ್ರಿ ಅರೆನಿದ್ದೆಯಲ್ಲಿ ಮೂರು ಎಣಿಸಿ, ಮತ್ತೆ ಮೂರು ಎಣಿಸಿ, ಆರು ಗಂಟೆ ಆಯ್ತು ಅಂತ ಎದ್ದು, ಹಲ್ಲುಜ್ಜಿ, ಬೂಟಿನ ದಾರ ಕಟ್ಟಿಕೊಂಡು ಅಂಗಳಕ್ಕೆ ಬಂದು ನಿಂತಿದ್ದೆ. ಆಕಾಶದ ತುಂಬ ನಕ್ಷತ್ರ. ಇಯರ್ ಪ್ಲಗ್ ಅಂದಿದ್ದು ಇದಕ್ಕೇ.

ಹೊಟ್ಟೆಪಾಡು

ಮಾಂಸ ತಿನ್ನದವರು ಬುಕ್ ಮಾಡುವಾಗಲೇ ತಿಳಿಸಬೇಕು. 'ಸಾಂ ವಿಯಾಂದ್, ಸಾಂ ಪ್ವಾಸ್ಸೋಂ' ಅಂದರೆ ಮಾಂಸ ಬೇಡ, ಮೀನು ಬೇಡ. ಲ ಪುಯಿಯ ಹಸಿರು ಮಸೂರ ಬೇಳೆ ಹೆಸರುವಾಸಿ, ಆದರೆ ಅದರಲ್ಲಿ ಹಂದಿ ತುಣುಕು ಹಾಕಿ ಬೇಯಿಸುವುದೇ ಹೆಚ್ಚು. 'ಸಾಂ ಲಾರ್ದೋಂ' ಅಂತ ಸೇರಿಸಿ. ಓಬ್ರಾಕ್‌ನಲ್ಲಿ 'ಅಲಿಗೋ' ಸಿಗುತ್ತದೆ. ಬೇಯಿಸಿ ನುರಿದ ಆಲೂಗಡ್ಡೆಗೆ ಎಳೆಯ ಚೀಸು, ಬೆಣ್ಣೆ, ಬೆಳ್ಳುಳ್ಳಿ ಹಾಕಿ ಮರದ ಸೌಟಿನಲ್ಲಿ ತಿರುವುತ್ತಾರೆ. ಬಡಿಸುವಾಗ ಸೌಟು ತಲೆಗಿಂತ ಮೇಲಕ್ಕೆ ಹೋದರೂ ಎಳೆ ತುಂಡಾಗುವುದಿಲ್ಲ. ಎರಡು ಸೌಟು ತಿಂದರೆ ಮುದ್ದೆ ಉಂಡಷ್ಟೇ ಗಟ್ಟಿ. ಭಾನುವಾರ ಮಧ್ಯಾಹ್ನದಿಂದ ಸೋಮವಾರದ ತನಕ ಅಂಗಡಿಗಳು ಮುಚ್ಚಿರುವ ಸಂಭವ ಜಾಸ್ತಿ. ಶನಿವಾರವೇ ಬ್ರೆಡ್ಡು, ಚೀಸು, ಹಣ್ಣು ಕೊಂಡಿಟ್ಟುಕೊಳ್ಳಿ. ಕೈಯಲ್ಲಿ ನಗದು ಇರಲಿ.

ಎರಡು ಕಡೆ ನಿಧಾನಿಸಿ

ಒಂದು, ಓಬ್ರಾಕ್. ಮರವಿಲ್ಲದ ಬಯಲು, ಕಲ್ಲು ಪೇರಿಸಿದ ಬೇಲಿ, ಗಾಳಿ. ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿನದು ಕಾಣದು. ಇಲ್ಲಿ ಹನ್ನೆರಡನೇ ಶತಮಾನದಲ್ಲಿ ಯಾತ್ರಿಕರಿಗೆಂದು ಮಠ ಕಟ್ಟಿದರು. ಮಂಜಿನಲ್ಲಿ ಸಿಕ್ಕಿಕೊಂಡವರು ಸದ್ದು ಹಿಡಿದು ಬರಲಿ ಅಂತ ಗಂಟೆ ಬಾರಿಸುತ್ತಿದ್ದರು, 'ದಾರಿ ತಪ್ಪಿದವರ ಗಂಟೆ' ಅಂತಲೇ ಅದರ ಹೆಸರು. ಮುನ್ಸೂಚನೆಯಲ್ಲಿ ಗುಡುಗು ಮಳೆ ಇದ್ದರೆ ಆ ದಿನ ಬಯಲಿಗೆ ಹೋಗಬೇಡಿ. ತುರ್ತಿಗೆ ನಂಬರು 112.

ಇನ್ನೊಂದು, ಎಸ್ಪಾಲಿಯೋಂ ದಾಟಿದ ಮೇಲೆ ಬರುವ ಬೆಸುಎಜೂಲ್. ಹೊರಗಿನಿಂದ ಏನೂ ವಿಶೇಷ ಕಾಣದ ಕೆಂಪು ಕಲ್ಲಿನ ಚರ್ಚು. ಬಹಳ ಜನ ಮೊಹರು ಒತ್ತಿಕೊಂಡು ಹೊರಟುಬಿಡುತ್ತಾರೆ. ಹೋಗಬೇಡಿ. ಒಳಗೆ ಇಕ್ಕಟ್ಟಾದ ಮೆಟ್ಟಿಲಿದೆ. ಬ್ಯಾಗು ಕೆಳಗಿಟ್ಟು, ಗೋಡೆ ಹಿಡಿದು ಹತ್ತಿ. ಮೆಟ್ಟಿಲು ನಡುವೆ ಸವೆದು ಬಟ್ಟಲಿನಂತಾಗಿದೆ, ಕಾಲು ಓರೆಯಾಗಿ ಇಡಬೇಕು. ಮೇಲೆ, ಗೋಪುರದ ಹೊಟ್ಟೆಯೊಳಗೆ, ಹನ್ನೊಂದನೇ ಶತಮಾನದ ಪುಟ್ಟ ಚಾಪೆಲ್. ಕಂಬದ ತಲೆಗಳ ಮೇಲೆ ಹಗ್ಗ ಹೆಣೆದಂಥ ಕೆತ್ತನೆ. ರಂಗೋಲಿ ಎಳೆ ಬಿಡಿಸಿದವರ ಕಣ್ಣು ಎಲ್ಲಿ ಶುರು, ಎಲ್ಲಿ ಕೊನೆ ಅಂತ ತಾನಾಗೇ ಹುಡುಕತೊಡಗುತ್ತದೆ. ಚೆನ್ನಾಗಿ ದಣಿವಾರಿಸಿಕೊಳ್ಳಿ, ಹೊರಗೆ ಬಂದ ಕೂಡಲೇ ಎದೆಗೆ ತಾಗುವಂಥ ಏರು ಕಾದಿದೆ.

ಕಾಂಕ್‌ನಲ್ಲಿ ಏನು ನೋಡಬೇಕು

ಎಸ್ತ್ಯಾಂ, ಗೋಲಿನ್ಯಾಕ್ ಆದ ಮೇಲೆ ಕಾಂಕ್. ಕೊನೆಗೆ ಕಡಿದಾದ ಇಳಿಜಾರು, ಹುಷಾರು. ಇಲ್ಲಿನ ಸ್ಯಾಂತ್ ಫೊಯ್ ಚರ್ಚಿನ ಬಾಗಿಲ ಮೇಲೆ ಹನ್ನೆರಡನೇ ಶತಮಾನದ ಕಲ್ಲಿನ ಕೆತ್ತನೆ ಇದೆ. ಕೊನೆಯ ತೀರ್ಪಿನ ದಿನದ ಚಿತ್ರ, 124 ಆಕೃತಿಗಳು. ನಿಮ್ಮ ಎಡಕ್ಕೆ ಸ್ವರ್ಗ, ಬಲಕ್ಕೆ ನರಕ. ನರಕದ ಕಡೆಯೇ ಜನ ಜಾಸ್ತಿ ಹೊತ್ತು ನಿಲ್ಲುತ್ತಾರೆ, ನಾನೂ ನಿಂತೆ. ಒಳಗಿನ ಕಿಟಕಿಗಳು ಮಾತ್ರ ಹೊಸವು. ಚಿತ್ರಕಾರ ಪಿಯೆರ್ ಸುಲಾಜ್ 1994ರಲ್ಲಿ ಮುಗಿಸಿದ ಬಣ್ಣವಿಲ್ಲದ ಗಾಜು. ಕೆಲವರಿಗೆ ಸಪ್ಪೆ ಅನಿಸಬಹುದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ, ಬೆಳಕಿನ ಜೊತೆ ಗಾಜಿನ ಬಣ್ಣ ಬದಲಾಗಿರುತ್ತದೆ.

ಕಾಂಕ್‌ಗೆ ರೈಲಿಲ್ಲ. ರೋಡೆಜ್ ತನಕ ವ್ಯಾನಿಗೆ ಮೊದಲೇ ಹೇಳಿಟ್ಟು, ಅಲ್ಲಿಂದ ರೈಲು ಹಿಡಿಯಿರಿ. ವ್ಯಾನು ಬರುವುದು ತಡವಾದರೆ ಮತ್ತೆ ಆ ಬಾಗಿಲ ಮುಂದೆ ಹೋಗಿ ನಿಲ್ಲಿ. ಈ ಸಲ ನಡುವಿನ ದೊಡ್ಡ ಚಿತ್ರ ಬಿಟ್ಟು, ಕಮಾನಿನ ಅಂಚು ನೋಡಿ. ಕಲ್ಲಿನ ಪಟ್ಟಿಯ ಹಿಂದಿನಿಂದ, ಎರಡೂ ಕೈಯಲ್ಲಿ ಅಂಚು ಹಿಡಿದು, ಮೂಗಿನ ತನಕ ಮುಖ ಎತ್ತಿ ಇಣುಕುವ ಪುಟ್ಟ ತಲೆಗಳು ಕಾಣುತ್ತವೆ. ಊರಿನವರು ಅವನ್ನು 'ಕುತೂಹಲದವರು' ಅನ್ನುತ್ತಾರೆ. ಒಟ್ಟು ಹದಿನಾಲ್ಕು. ನನಗೆ ಮೊದಲ ಸಲ ಸಿಕ್ಕಿದ್ದು ಒಂಬತ್ತು, ಅಷ್ಟರಲ್ಲಿ ವ್ಯಾನು ಬಂತು.