'ಪ್ಯಾರಾ'ವನ್ನು ಕನ್ನಡಕ್ಕೆ ತಂದ ನನ್ನ ಅನುಭವ

ವೈದ್ಯಕೀಯ ಮತ್ತು ವಿಜ್ಞಾನದ ಪದಕೋಶವೊಂದಕ್ಕಾಗಿ ಇಂಗ್ಲಿಷಿನ 'ಪ್ಯಾರಾ'ದಿಂದ (para-) ಆರಂಭವಾಗುವ ಪದಗಳನ್ನು ಕನ್ನಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಒಂದು ಪೂರ್ವಪ್ರತ್ಯಯಕ್ಕೆ ಒಂದೇ ಕನ್ನಡ ರೂಪವಿರಬೇಕೆಂದು ಜೊತೆಯ ಅನುವಾದಕರೆಲ್ಲರೂ ಹಟ ಹಿಡಿದಿದ್ದರು. ಅರ್ಥಕ್ಕೆ ತಕ್ಕಂತೆ ರೂಪವನ್ನು ಬದಲಿಸುವ ನನ್ನ ಕ್ರಮವನ್ನು ಪರಿಶೀಲಕರು ಕಡೆಗೆ ಬಹುತೇಕ ತಿದ್ದುಪಡಿಯಿಲ್ಲದೆ ಒಪ್ಪಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ಒಂದೇ ರೂಪದ ಬೆನ್ನು ಹತ್ತಿದ್ದೆ. ಪ್ಯಾರಾಬೋಲಾಕ್ಕೆ 'ಪರವಲಯ' ಎಂಬ ಪದ ಆಗಲೇ ನೆಲೆಯೂರಿದ್ದ ಧೈರ್ಯದಿಂದ ಸಂಸ್ಕೃತದ 'ಪರಾ'ವನ್ನು ಎಲ್ಲೆಡೆ ಹಾಕಿದೆ. ಪ್ಯಾರಾಟೈಫಾಯಿಡ್ ಎಂದರೆ ಟೈಫಾಯಿಡನ್ನು ಹೋಲುವ ಇನ್ನೊಂದು ಜ್ವರ. 'ಪರಾಟೈಫಾಯಿಡ್' ಎಂದು ಓದಿದವರು ಅದನ್ನು ಟೈಫಾಯಿಡಿಗಿಂತ ಘೋರವಾದದ್ದೆಂದು ತಿಳಿದರು. ಸುಮಾರು ನೂರೈವತ್ತು ಪದಗಳಲ್ಲಿ ಅರುವತ್ತರಷ್ಟು ಹಿಂದಕ್ಕೆ ಬಂದವು. ಪದಕ್ಕೆ ಇಷ್ಟೆಂದು ಸಂಭಾವನೆ ಗೊತ್ತಾಗಿದ್ದರಿಂದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಹಣ ಕೈತಪ್ಪಿತು. ತಿದ್ದುವುದಕ್ಕೆ ಹಿಡಿದ ಎರಡು ತಿಂಗಳಿಗೆ ಬಿಡಿಗಾಸೂ ದಕ್ಕಲಿಲ್ಲ. ಬಳಿಕ 'ಉಪ'ವನ್ನು ಪರೀಕ್ಷಿಸಿದೆ. ಥೈರಾಯ್ಡಿಗೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಅದು ಸರಿಹೊಂದಿತಾದರೂ, ಮನಸ್ಸು ದಾರಿ ತಪ್ಪಿದ್ದನ್ನು ಹೇಳುವ ಪ್ಯಾರನೋಯಾದ ಬಳಿ ಸೋತಿತು.

ಆಮೇಲೆ ಕಂಡುಕೊಂಡದ್ದು, ಗ್ರೀಕ್ ಮೂಲದ 'ಪ್ಯಾರಾ' ಪೂರ್ವಪ್ರತ್ಯಯವಿಲ್ಲದೆ ಬರಿಯ ಹೋಲಿಕೆಯಿಂದ ಸೇರಿಕೊಂಡ ಪದಗಳ ಕಳೆಯನ್ನು ಮೊದಲು ಕೀಳಬೇಕೆಂಬುದು. ಪ್ಯಾರಾಚೂಟ್, ಪ್ಯಾರಾಸೋಲ್‌ಗಳಲ್ಲಿರುವುದು ತಡೆಯುವುದೆಂಬ ಅರ್ಥ ಪಡೆದ ಲ್ಯಾಟಿನ್ ಮೂಲದ ಧಾತು. ಪ್ಯಾರಾಫಿನ್‌ನಲ್ಲಿರುವುದು 'ಅಲ್ಪ' ಎನ್ನುವ ಲ್ಯಾಟಿನ್ನಿನ 'ಪಾರುಮ್'. ಇದಕ್ಕೆ ವಿರುದ್ಧವಾಗಿ, ಸ್ವರದ ಮುಂದೆ ಕೊನೆಯ ಅಕಾರ ಬಿದ್ದುಹೋಗುವುದರಿಂದ ಪ್ಯಾರಡಿಯಲ್ಲಿಯೂ ಕಿವಿಯ ಪಕ್ಕದ ಜೊಲ್ಲುಗ್ರಂಥಿಯಾದ ಪ್ಯಾರೋಟಿಡ್‌ನಲ್ಲಿಯೂ ಗ್ರೀಕಿನ 'ಪ್ಯಾರಾ' ಅಡಗಿ ಕುಳಿತಿದೆ. ಹಾಗೆ ಅಡಗಿದ್ದ ಇಪ್ಪತ್ತರಷ್ಟು ಪದಗಳನ್ನು ಬೇರೆ ಯಾರೂ ಗುರುತಿಸಿರಲಿಲ್ಲ.

ಉಳಿದವನ್ನು ಪಕ್ಕದ್ದು, ಸಹಾಯಕವಾದದ್ದು, ಹೋಲುವಂಥದು, ವಿರುದ್ಧವಾದದ್ದು ಅಥವಾ ಕೆಟ್ಟದ್ದು ಎಂದು ವಿಂಗಡಿಸಿದೆ. ಸಹಾಯಕ ಎಂಬ ಅರ್ಥಕ್ಕೆ ನಮ್ಮ 'ಅರೆ'ಗಿಂತ ಒಳ್ಳೆಯ ರೂಪವಿಲ್ಲ; ಅರೆಸೇನಾ ಪಡೆ, ಅರೆವೈದ್ಯಕೀಯ ಸಿಬ್ಬಂದಿ ಎಂದರೆ ವಿವರಣೆಯೇ ಬೇಡ. ಪ್ಯಾರಡಾಕ್ಸ್‌ನಲ್ಲಿ 'ಡೋಕ್ಸಾ' ಎಂದರೆ ಅಭಿಪ್ರಾಯ. ರೂಢಿಯ ಅಭಿಪ್ರಾಯಕ್ಕೆ ಎದುರಾಗುವ ಆ ಗುಣವನ್ನು 'ವಿರೋಧಾಭಾಸ' ಚೆನ್ನಾಗಿ ಹಿಡಿದಿದೆ. ಪ್ಯಾರಸೈಟ್ ಮೂಲದಲ್ಲಿ ಇನ್ನೊಬ್ಬರ ಪಕ್ಕ ಕುಳಿತು ಉಣ್ಣುವವನು. ನಮ್ಮ ಪರಾವಲಂಬಿಯಲ್ಲಿರುವುದು 'ಇತರ' ಎನ್ನುವ 'ಪರ'ವಾದ್ದರಿಂದ ಅಲ್ಲಿನ ಧ್ವನಿಸಾಮ್ಯ ಆಕಸ್ಮಿಕ. 'ಪರಾ'ದ ಪರವಾಗಿ ಅದನ್ನು ಸಾಕ್ಷ್ಯವಾಗಿ ತರುವವರೊಡನೆ ನಾನು ಬಹಳ ವಾದಿಸಿದ್ದೇನೆ. ಒಂದೇ ಪದದಲ್ಲಿ ಎರಡು ಅರ್ಥಗಳು ಬೆರೆತಾಗ ನಿರ್ಣಯಿಸುವ ಬಗೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ.

ರಸಾಯನವಿಜ್ಞಾನದಲ್ಲಿಯೂ ಪ್ರಯೋಗ ನಡೆಸಿದೆ. ಆರು ಇಂಗಾಲದ ಪರಮಾಣುಗಳ ಬೆಂಜೀನ್ ಉಂಗುರದ 1 ಮತ್ತು 4ನೆಯ ಸ್ಥಾನಗಳು ಎದುರುಬದುರಾಗಿರುವುದರಿಂದ ಅಲ್ಲಿನ ಪ್ಯಾರಾಕ್ಕೆ 'ಎದುರು' ಎಂದು ಬರೆದು ಒಂದು ವಾರ ಕಳೆದೆ. ಆದರೆ ಅಲ್ಲಿ ಅದು ಸ್ಥಾನದ ಗುರುತು. ಪ್ಯಾರಾಸಿಟಮಾಲ್‌ನ ಹೆಸರಿನಲ್ಲಿರುವುದೂ ಅದೇ. ಆ ಗುಂಪನ್ನು ಮೂಲರೂಪದಲ್ಲಿಯೇ ಬಿಟ್ಟೆ, ಪರಿಶೀಲಕರು ಮೊದಲು ಒಪ್ಪಿದ್ದು ಅದನ್ನೇ.