ಅನ್‌ರ್ಯಾಪ್ ಮಾಡದೆಯೇ ಫೋಬೋಸ್‌ಗೆ ಟೆಕ್ಸ್ಚರ್ ಹೊದಿಸಿದೆ

ಮಂಗಳದ ಉಪಗ್ರಹ ಫೋಬೋಸ್‌ನಂಥ ಅಂಕುಡೊಂಕು ಕಾಯದ 3ಡಿ ಮಾಡೆಲ್‌ಗೆ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಹಾಕಬೇಕಾದರೆ ಕೈಯಿಂದ ಅನ್‌ರ್ಯಾಪ್ ಮಾಡಲೇಬೇಕು, ಅಂದರೆ ಮೇಲ್ಮೈಯನ್ನು ಕತ್ತರಿಸಿ ಚಪ್ಪಟೆಯಾಗಿ ಹರಡಲೇಬೇಕು, ಅಕ್ಷಾಂಶ-ರೇಖಾಂಶದ ಲೆಕ್ಕವೆಲ್ಲ ದುಂಡನೆಯ ಗೋಳಕ್ಕೆ ಮಾತ್ರ ಎಂದು ಸೆಲೆಸ್ಟಿಯಾ ಎಂಬ ಬಾಹ್ಯಾಕಾಶ ತೋರಿಸುವ ಸಾಫ್ಟ್‌ವೇರ್‌ಗೆ ಮಾಡೆಲ್ ಮಾಡುವ ಗೆಳೆಯರೆಲ್ಲ ಒಂದೇ ರಾಗ ಹಾಡುತ್ತಿದ್ದರು. ನಾನು ಬರೀ ಲೆಕ್ಕದಿಂದಲೇ ಮಾಡಿ ಮುಗಿಸಿದ್ದೇನೆ. ಹೊಲಿಗೆ (ಚಿತ್ರದ ಅಂಚುಗಳು ಕೂಡುವ ಗೆರೆ) ಎಲ್ಲಿದೆ ತೋರಿಸಿ ಎಂದು ಅವರಿಗೇ ಮಾಡೆಲ್ ಕಳುಹಿಸಿದೆ. ಇದುವರೆಗೆ ಯಾರೂ ತೋರಿಸಿಲ್ಲ.

ಕೈಯಿಂದ ಅನ್‌ರ್ಯಾಪ್ ಮಾಡುವುದರಲ್ಲಿ ನನಗಿರುವ ತಕರಾರು ಒಂದೇ. ನಕ್ಷೆಗಳು ಸಿಗುವುದು ಅಕ್ಷಾಂಶ-ರೇಖಾಂಶದ ಚೌಕಟ್ಟಿನಲ್ಲಿ. ಕೈಯಿಂದ ಕತ್ತರಿಸಿ ಹರಡಿದ ತುಂಡುಗಳಿಗೆ ಆ ನಕ್ಷೆಯನ್ನು ಮತ್ತೆ ಬಳಿಯಬೇಕು. ಹೊಸ ನಕ್ಷೆ ಬಂದರೆ ಮತ್ತೆ ಮೊದಲಿನಿಂದ ಶುರು. ಇದಕ್ಕಾಗಿ ತಿಂಗಳ ಬಾಡಿಗೆ ಲೆಕ್ಕದಲ್ಲಿ ಸಿಗುವ ಬಳಿಯುವ ಸಾಫ್ಟ್‌ವೇರ್ ಒಂದಕ್ಕೆ ಕೆಲವು ತಿಂಗಳು ಹಣ ಕಟ್ಟಿದೆ. ಅದರಲ್ಲಿ ಬಳಿದ ಫೋಬೋಸ್ ನೋಡಲು ಚೆನ್ನಾಗಿಯೇ ಇತ್ತು, ಆದರೆ ಸ್ಟಿಕ್ನಿ ಕುಳಿಯ ಅಂಚು ಮೆಶ್‌ನಲ್ಲಿ (ಆಕಾರ ಕೊಡುವ ತ್ರಿಕೋನಗಳ ಬಲೆಯಲ್ಲಿ) ಒಂದು ಕಡೆ, ಚಿತ್ರದಲ್ಲಿ ಇನ್ನೊಂದು ಕಡೆ. ಸುಮಾರು 9 ಕಿಲೋಮೀಟರ್ ಅಗಲದ ಕುಳಿಗೆ ಎರಡು ಅಂಚು ಬಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಬಾಡಿಗೆ ನಿಲ್ಲಿಸಿದೆ.

ಈಗಿನ ಕ್ರಮ ಹೀಗಿದೆ. ಸಾರ್ವಜನಿಕವಾಗಿ ಸಿಗುವ ಆಕಾರ ಮಾಡೆಲ್‌ಗಳಲ್ಲಿ ನಾನು ಆರಿಸಿಕೊಂಡದ್ದು 49 ಸಾವಿರ ಚಿಲ್ಲರೆ ತ್ರಿಕೋನಗಳದ್ದು. ಪ್ರತಿ ವರ್ಟೆಕ್ಸ್‌ಗೂ (ತ್ರಿಕೋನದ ಮೂಲೆಗೂ) ಕೇಂದ್ರದಿಂದ ಇರುವ ದಿಕ್ಕನ್ನು ತೆಗೆದು, ರೇಖಾಂಶದಿಂದ ಯು, ಅಕ್ಷಾಂಶದಿಂದ ವಿ (ಚಿತ್ರದಲ್ಲಿ ಅಡ್ಡ ಮತ್ತು ಉದ್ದ ಸ್ಥಾನ, 0ಯಿಂದ 1ರವರೆಗೆ) ಲೆಕ್ಕ ಹಾಕುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಎಲ್ಲರೂ ಇಷ್ಟು ಮಾಡಿಯೇ ಸೋಲುವುದು. 180 ಡಿಗ್ರಿಯ ಗೆರೆಯನ್ನು ದಾಟುವ ತ್ರಿಕೋನದ ಎರಡು ಮೂಲೆಗಳಲ್ಲಿ ಯು 0.99 ಇದ್ದು ಮೂರನೆಯದರಲ್ಲಿ 0.01 ಇದ್ದರೆ, ನಡುವಿನ ಇಡೀ ನಕ್ಷೆ ಆ ಒಂದೇ ತ್ರಿಕೋನದೊಳಗೆ ಹಿಂದುಮುಂದಾಗಿ ತುರುಕಿಕೊಳ್ಳುತ್ತದೆ. ಧ್ರುವದಿಂದ ಧ್ರುವಕ್ಕೆ ಒಂದು ಕೊಳಕು ಪಟ್ಟಿ ಏಳುತ್ತದೆ. ಗೋಳಕ್ಕೆ ಮಾತ್ರ ಸರಿ ಎಂಬ ಮಾತು ಹುಟ್ಟಿದ್ದೇ ಈ ಪಟ್ಟಿಯಿಂದ ಎಂಬುದು ನನ್ನ ಗುಮಾನಿ. ಆಕಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಪರಿಹಾರ ಸರಳ. ಒಂದು ತ್ರಿಕೋನದೊಳಗೆ ಯು ಬೆಲೆಗಳ ಅಂತರ 0.5 ಮೀರಿದರೆ, ಸಣ್ಣ ಬೆಲೆಯ ಮೂಲೆಗೆ ವರ್ಟೆಕ್ಸ್‌ನ ಹೊಸ ಪ್ರತಿ ಮಾಡಿ ಅದಕ್ಕೆ ಒಂದನ್ನು ಕೂಡಿಸಬೇಕು. 0.01 ಹೋಗಿ 1.01 ಆಗುತ್ತದೆ. ಟೆಕ್ಸ್ಚರ್ ಮರುಕಳಿಸುವ ಕಾರಣ 1.01 ಎಂದರೂ ನಕ್ಷೆಯಲ್ಲಿ ಅದೇ ಜಾಗ. ಒಟ್ಟು ಇನ್ನೂರು ಚಿಲ್ಲರೆ ವರ್ಟೆಕ್ಸ್ ಹೆಚ್ಚಾದವು, ಅಷ್ಟೇ. ಧ್ರುವದ ವರ್ಟೆಕ್ಸ್‌ಗೆ ರೇಖಾಂಶವೇ ಇಲ್ಲವಾದ್ದರಿಂದ ಅದನ್ನು ಮುಟ್ಟುವ ಪ್ರತಿ ತ್ರಿಕೋನಕ್ಕೂ ಬೇರೆ ಪ್ರತಿ ಮಾಡಿ, ಉಳಿದೆರಡು ಮೂಲೆಗಳ ಸರಾಸರಿ ಯು ಕೊಟ್ಟೆ. ಆದರೂ ಧ್ರುವದಲ್ಲಿ ಸಣ್ಣ ಸುಳಿ ಉಳಿಯುತ್ತದೆ. ಅದನ್ನು ಅಳಿಸಲು ಚಿತ್ರದ ಮೇಲಿನ ಮತ್ತು ಕೆಳಗಿನ ಅಂಚಿನ ಕೆಲವು ಸಾಲುಗಳಿಗೆ ನಾನು ಮಾಡುವ ಒಂದು ಕೆಲಸವಿದೆ, ಅದು ಸದ್ಯ ನನ್ನಲ್ಲೇ ಇರಲಿ.

ಪಟ್ಟಿ ಹೋದ ಮೇಲೂ ಕೂದಲೆಳೆಯಷ್ಟು ಗೆರೆ ಉಳಿಯಿತು. ಇದು ಬಹಳ ಕಾಡಿತು. ನೋಡಿದರೆ ಕಾರಣ ಎರಡಿದ್ದವು. ವರ್ಟೆಕ್ಸ್ ಪ್ರತಿ ಮಾಡಿದ ಮೇಲೆ ನಾರ್ಮಲ್ (ಮೇಲ್ಮೈ ಮುಖಮಾಡಿದ ದಿಕ್ಕು) ಲೆಕ್ಕ ಹಾಕಿದರೆ ಎರಡು ಪ್ರತಿಗಳಿಗೆ ಬೇರೆ ಬೇರೆ ನಾರ್ಮಲ್ ಬರುತ್ತದೆ, ಬೆಳಕು ಓರೆಯಾಗಿ ಬಿದ್ದಾಗ ಅಲ್ಲಿ ಮಡಿಕೆ ಕಾಣುತ್ತದೆ. ನಾರ್ಮಲ್ ಮೊದಲು, ಪ್ರತಿ ಆಮೇಲೆ. ಎರಡನೆಯದು ಚಿತ್ರದ ಸಂಪಾದನೆಯದು. ಚಿತ್ರವನ್ನು ಕುಗ್ಗಿಸುವಾಗ, ಮಸುಕು ಮಾಡುವಾಗ ಎಡ ಅಂಚಿನ ಪಕ್ಕದಲ್ಲಿ ಬಲ ಅಂಚು ಇದೆಯೆಂಬುದು ಸಾಫ್ಟ್‌ವೇರ್‌ಗೆ ಗೊತ್ತಿರುವುದಿಲ್ಲ. ಆದ್ದರಿಂದ ಎಡಗಡೆಯ ನೂರಿನ್ನೂರು ಪಿಕ್ಸೆಲ್ ಪಟ್ಟಿಯನ್ನು ಬಲಕ್ಕೂ, ಬಲಗಡೆಯದನ್ನು ಎಡಕ್ಕೂ ಅಂಟಿಸಿ, ಕೆಲಸ ಮುಗಿದ ಮೇಲೆ ಕತ್ತರಿಸುತ್ತೇನೆ.

ದಿಕ್ಕು ಸರಿಯಿದೆಯೇ ಎಂದು ನೋಡಲು ಫೋಬೋಸ್‌ಗಿಂತ ಒಳ್ಳೆಯ ಕಾಯ ಇಲ್ಲ. ಅದು ಸದಾ ಒಂದೇ ಮುಖವನ್ನು ಮಂಗಳಕ್ಕೆ ತೋರಿಸುತ್ತದೆ, ಸೊನ್ನೆ ರೇಖಾಂಶ ಆ ಮುಖದ ಮಧ್ಯದಲ್ಲಿದೆ, ಸ್ಟಿಕ್ನಿ ಕುಳಿ ಸಮಭಾಜಕದ ಹತ್ತಿರ ಸುಮಾರು 49 ಡಿಗ್ರಿ ಪಶ್ಚಿಮದಲ್ಲಿದೆ. ಅಂದರೆ ಕಕ್ಷೆಯಲ್ಲಿ ಫೋಬೋಸ್ ಮುನ್ನುಗ್ಗುವ ಕಡೆಗೇ ಕುಳಿ ಕಾಣಬೇಕು. ಹಿಂಬದಿಗೆ ಹೋಗಿದ್ದರೆ ನಕ್ಷೆಯ ಪಶ್ಚಿಮ ರೇಖಾಂಶವನ್ನು ಪೂರ್ವವೆಂದು ಓದಿದ್ದೀರಿ ಎಂದೇ ಅರ್ಥ. ಕುಳಿ ಎರಡು-ಮೂರು ಡಿಗ್ರಿ ಮಾತ್ರ ಜಾರಿದ್ದರೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಯಾರೋ ಮೆಶ್‌ನ ಮೂಲಬಿಂದುವನ್ನು ನಡುವಿಗೆ ಸರಿಸಿರುತ್ತಾರೆ. ಯುವಿ ಲೆಕ್ಕ ನಡೆಯಬೇಕಾದದ್ದು ಮೂಲ ಕಡತದ ನಿರ್ದೇಶಾಂಕಗಳ ಮೇಲೆಯೇ. ಚಿತ್ರ ತಲೆಕೆಳಗಾಗಿದ್ದರೆ ವಿ ಬದಲು ಒಂದರಲ್ಲಿ ವಿ ಕಳೆಯಿರಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಹಣದ ಮಾತು. 8192×4096 ಗಾತ್ರದ ಚಿತ್ರ ಅಲ್ಫಾ (ಪಾರದರ್ಶಕತೆ) ಸಹಿತ ಸಂಕುಚಿಸದೆ ಹೋದರೆ ಗ್ರಾಫಿಕ್ಸ್ ಕಾರ್ಡ್‌ನ 128 ಎಂಬಿ ನುಂಗುತ್ತದೆ, ಮಿಪ್‌ಮ್ಯಾಪ್ (ಅದೇ ಚಿತ್ರದ ಕುಗ್ಗಿಸಿದ ಪ್ರತಿಗಳು) ಸೇರಿದರೆ 170ರ ಆಸುಪಾಸು. ಇಂಥ ಐದಾರು ಉಪಗ್ರಹ ತೆರೆದರೆ ನನ್ನ ಹಳೆಯ ಕಾರ್ಡ್ ಏದುಸಿರು ಬಿಡುತ್ತಿತ್ತು. ಹೊಸ ಕಾರ್ಡ್ ಕೊಳ್ಳದೆ ವಿಧಿಯಿಲ್ಲ ಎಂದು ಎಲ್ಲರೂ ಹೇಳಿದರು. ಅದೇ ಚಿತ್ರವನ್ನು ಡಿಎಕ್ಸ್‌ಟಿ1 ಸಂಕೋಚನದಲ್ಲಿ ಡಿಡಿಎಸ್ ಕಡತವಾಗಿ ಉಳಿಸಿದಾಗ ಮಿಪ್‌ಮ್ಯಾಪ್ ಸೇರಿಯೂ 21 ಎಂಬಿಯ ಆಸುಪಾಸಷ್ಟೇ ಆಯಿತು. ಹಳೆಯ ಕಾರ್ಡ್ ಇವತ್ತಿಗೂ ಓಡುತ್ತಿದೆ, ಹಣ ಜೇಬಿನಲ್ಲೇ ಇದೆ. ಮೇಲ್ಮೈಯ ಉಬ್ಬುತಗ್ಗು ಹೇಳುವ ನಾರ್ಮಲ್ ಮ್ಯಾಪ್‌ಗೆ ಮಾತ್ರ ಡಿಎಕ್ಸ್‌ಟಿ1 ಬೇಡ, ನೆಲವೆಲ್ಲ ಚೌಕಚೌಕವಾಗಿ ಒಡೆದಂತೆ ಕಾಣುತ್ತದೆ.

ಕಡತದ ರೂಪ 3ಡಿಎಸ್ ಆದರೆ ಒಂದು ಮೆಶ್‌ನಲ್ಲಿ 65 ಸಾವಿರ ಚಿಲ್ಲರೆಗಿಂತ ಹೆಚ್ಚು ವರ್ಟೆಕ್ಸ್ ಹಿಡಿಯುವುದಿಲ್ಲ. ಸೆಲೆಸ್ಟಿಯಾದ ಸ್ವಂತ ರೂಪವಾದ ಸಿಮಾಡ್‌ನಲ್ಲಿ ಆ ಗೋಳಿಲ್ಲ, ಪಠ್ಯವಾಗಿಯೂ ಬರೆಯಬಹುದಾದ್ದರಿಂದ ಸ್ಕ್ರಿಪ್ಟ್ ನೇರವಾಗಿ ಅದನ್ನೇ ಉಗುಳುವಂತೆ ಮಾಡಿದ್ದೇನೆ.

ನೆರಳಿನ ವಿಷಯದಲ್ಲಿ ಬಹಳ ಜನ ಉದಾಸೀನ ಮಾಡುತ್ತಾರೆ. ನೌಕೆಯ ಫೋಟೋಗಳಿಂದ ಜೋಡಿಸಿದ ನಕ್ಷೆಯಲ್ಲಿ ಅಂದಿನ ಸೂರ್ಯನ ನೆರಳು ಅಂಟಿಕೊಂಡೇ ಬಂದಿರುತ್ತದೆ. ಅದರ ಮೇಲೆ ಸೆಲೆಸ್ಟಿಯಾ ತನ್ನ ಸೂರ್ಯನ ನೆರಳು ಹಾಕಿದರೆ ಕುಳಿಗಳು ಒಮ್ಮೆ ತಗ್ಗು, ಒಮ್ಮೆ ದಿಬ್ಬ. ಚಿತ್ರದ ಮಸುಕಾದ ಪ್ರತಿಯನ್ನು ಮೂಲದಿಂದ ಕಳೆದರೆ ದೊಡ್ಡ ನೆರಳುಗಳು ಹೋಗಿ ಸಣ್ಣ ವಿವರ ಉಳಿಯುತ್ತದೆ. ಎಷ್ಟು ಮಸುಕು ಎಂಬುದೇ ಇಲ್ಲಿನ ಕಸುಬು, ನೀವೇ ಹುಡುಕಿಕೊಳ್ಳಿ. ಹಾಗೆಯೇ ಫೋಬೋಸ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 7ರಷ್ಟನ್ನು ಮಾತ್ರ ಹಿಂತಿರುಗಿಸುವ ಕಪ್ಪು ಕಾಯ. ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿದವರೇ ಹೆಚ್ಚು. ನಾನು ಕಪ್ಪಗೆ ಮಾಡಿದ್ದೇನೆ, ಆದರೆ ಪೂರ್ತಿ 7ಕ್ಕೆ ಇಳಿಸಿದರೆ ಪರದೆಯಲ್ಲಿ ಏನೂ ಕಾಣದು.

ಇದೇ ಸ್ಕ್ರಿಪ್ಟನ್ನು ರೊಸೆಟ್ಟಾ ನೌಕೆ 2014ರಲ್ಲಿ ತಲುಪಿದ 67ಪಿ ಧೂಮಕೇತುವಿನ ಮೇಲೂ ಓಡಿಸಿ ನೋಡಿದೆ. ಅಲ್ಲಿ ಸಂದೇಹದವರದ್ದೇ ಮಾತು ನಿಜ: ಎರಡು ಉಂಡೆಗಳ ನಡುವಿನ ಕುತ್ತಿಗೆಯ ಬಳಿ ಕೇಂದ್ರದಿಂದ ಹೊರಟ ಒಂದು ಗೆರೆ ಮೇಲ್ಮೈಯನ್ನು ಒಂದಕ್ಕಿಂತ ಹೆಚ್ಚು ಕಡೆ ಸೀಳುತ್ತದೆ, ಒಂದೇ ಅಕ್ಷಾಂಶ-ರೇಖಾಂಶಕ್ಕೆ ಎರಡು ಮೂರು ಜಾಗ. ಮೆಶ್ಶನ್ನು ಕುತ್ತಿಗೆಯಲ್ಲಿ ಕತ್ತರಿಸಿ ಎರಡೂ ಉಂಡೆಗಳಿಗೆ ಬೇರೆ ಬೇರೆ ಕೇಂದ್ರ ಕೊಟ್ಟೆ. ದೊಡ್ಡ ಉಂಡೆ ಚೆನ್ನಾಗಿ ಬಂದಿದೆ, ಚಿಕ್ಕದೂ ಪರವಾಗಿಲ್ಲ. ಕತ್ತರಿಸಿದ ಗೆರೆಯಲ್ಲಿ ಎರಡು ನಕ್ಷೆಗಳ ಬಣ್ಣ ಇನ್ನೂ ಹೊಂದುತ್ತಿಲ್ಲ. ವರ್ಟೆಕ್ಸ್ ಬಣ್ಣ ಬೆರೆಸಿ ನೋಡುತ್ತಿದ್ದೇನೆ, ದೂರದಿಂದ ಸರಿ ಕಾಣುತ್ತದೆ, ಹತ್ತಿರ ಹೋದರೆ ಕಂದು ಕಲೆ.