ಆಫೀಸಿನ ವೈ-ಫೈಯಲ್ಲಿ ಯಾರ‍್ಯಾರೋ ಇದ್ದರು

ಮೈಸೂರಿನ ಒಂದು ಆಡಿಟರ್ ಆಫೀಸಿನ ಕಂಪ್ಯೂಟರ್, ಪ್ರಿಂಟರ್, ಇಂಟರ್ನೆಟ್ ಎಲ್ಲ ನೋಡಿಕೊಳ್ಳುವುದು ನಾನೇ. ಒಂದು ದಿನ ವೈ-ಫೈ ರೌಟರ್‌ನ ಸೆಟ್ಟಿಂಗ್ ಪೇಜ್ ತೆರೆದರೆ ಆಫೀಸಿನಲ್ಲಿರುವ ಜನರಿಗಿಂತ ಎಷ್ಟೋ ಜಾಸ್ತಿ ಫೋನುಗಳು ಪಟ್ಟಿಯಲ್ಲಿದ್ದವು. ಯಾರೂ ಹ್ಯಾಕ್ ಮಾಡಿರಲಿಲ್ಲ. ಆಂಡ್ರಾಯ್ಡ್ 10 ಬಂದಮೇಲೆ ಕ್ಯೂಆರ್ ಕೋಡ್ ತೋರಿಸಿದರೆ ಸಾಕು, ವೈ-ಫೈ ಇನ್ನೊಬ್ಬರ ಫೋನಿಗೆ ಹೋಗುತ್ತದೆ ಅಲ್ವಾ? ಕ್ಲೈಂಟ್ ಕೇಳುತ್ತಾರೆ, ಟ್ರೈನಿ ಹುಡುಗರು ತೋರಿಸುತ್ತಾರೆ.

"ನಮ್ಮ ಫೋನುಗಳ ಮ್ಯಾಕ್ ಅಡ್ರೆಸ್ ಮಾತ್ರ ಬಿಡಿ, ಉಳಿದದ್ದು ಬ್ಲಾಕ್ ಮಾಡಿ" ಅಂದರು ಸಾಹೇಬರು. ಮ್ಯಾಕ್ ಅಡ್ರೆಸ್ ಅಂದರೆ ಫೋನು ವೈ-ಫೈಗೆ ಹೇಳುವ ತನ್ನ ಗುರುತಿನ ಸಂಖ್ಯೆ. ನಾನು ಒಪ್ಪಲಿಲ್ಲ. ಅದು ಗೇಟಿನ ರಿಜಿಸ್ಟರ್‌ನಲ್ಲಿ ಬಂದವರೇ ತಮ್ಮ ಹೆಸರು ಬರೆದುಕೊಂಡ ಹಾಗೆ. ಈಗಿನ ಫೋನುಗಳು ಒಂದೊಂದು ವೈ-ಫೈಗೂ ಒಂದೊಂದು ಸುಳ್ಳು ಅಡ್ರೆಸ್ ಕೊಡುತ್ತವೆ. ಆ ಅಡ್ರೆಸ್ ಬದಲಾದರೆ ನಮ್ಮ ಫೋನೇ ಹೊರಗುಳಿಯುತ್ತದೆ. ಒಳಗೆ ಬಿಡುವ ಪಟ್ಟಿಯಲ್ಲಿರುವ ಅಡ್ರೆಸ್ಸನ್ನು ಗಾಳಿಯಲ್ಲೇ ಓದಿ ನಕಲು ಮಾಡುವುದೂ ಕಷ್ಟವಲ್ಲ. ವೈ-ಫೈ ಹೆಸರು ಮುಚ್ಚಿಡುವುದಂತೂ ಸುಮ್ನೆ ಸಮಾಧಾನಕ್ಕೆ.

ಮೊದಲು ಪಾಸ್‌ವರ್ಡ್ ಬದಲಿಸಿದೆ. ಹಳೆಯದು ಸಾಹೇಬರ ಮೊಬೈಲ್ ನಂಬರ್! ವೈ-ಫೈಗೆ ಬೀಗ ಹಾಕುವ ಡಬ್ಲ್ಯೂಪಿಎ2 ಎಂಬ ವ್ಯವಸ್ಥೆಯಲ್ಲಿ ಫೋನು ಕನೆಕ್ಟ್ ಆಗುವ ಕ್ಷಣವನ್ನು ಹಿಡಿದಿಟ್ಟುಕೊಂಡರೆ, ಆಮೇಲೆ ಮನೆಯಲ್ಲಿ ಕೂತು ಪಾಸ್‌ವರ್ಡ್ ಊಹಿಸುತ್ತಾ ಹೋಗಬಹುದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಹತ್ತು ಅಂಕಿ ಏನೂ ಅಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದೆ. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಾಯಿತು.

ಪಾಸ್‌ವರ್ಡ್ ಬದಲು ಪಿನ್ ಹಾಕಿಯೂ ವೈ-ಫೈ ಸೇರಲು ಬಿಡುವ ಡಬ್ಲ್ಯೂಪಿಎಸ್ ಆಫ್ ಮಾಡಿದೆ. ಅದರ ಪಿನ್ ಎಂಟು ಅಂಕಿಯದು. ಆದರೆ ರೌಟರ್ ಮೊದಲ ನಾಲ್ಕನ್ನು ಬೇರೆ, ಉಳಿದದ್ದನ್ನು ಬೇರೆ ಪರೀಕ್ಷಿಸುತ್ತದೆ. ಕೊನೆಯ ಅಂಕಿಯಂತೂ ಲೆಕ್ಕ ಹಾಕಿಯೇ ಸಿಗುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಪಿನ್ ಸಿಕ್ಕಿಬಿಡುತ್ತದೆ. 2011ರಲ್ಲೇ ಇದು ಬಯಲಾಗಿದೆ.

ಇಷ್ಟು ಮಾಡಿದರೂ ಹಂಚುವ ಅಭ್ಯಾಸ ಹೋಗುವುದಿಲ್ಲವಲ್ಲ. ಅದಕ್ಕೇ ಹಂಚುವುದಕ್ಕೆಂದೇ ಗೆಸ್ಟ್ ನೆಟ್‌ವರ್ಕ್ ಮಾಡಿ, ಅದರ ಕ್ಯೂಆರ್ ಕೋಡನ್ನು ರಿಸೆಪ್ಶನ್ನಿನಲ್ಲೇ ಅಂಟಿಸಿದೆ. ಅಲ್ಲಿಂದ ಇಂಟರ್ನೆಟ್ ಮಾತ್ರ ಸಿಗುತ್ತದೆ. ಕ್ಲೈಂಟ್‌ಗಳ ಫೈಲಿರುವ ಕಂಪ್ಯೂಟರ್ ಕಾಣುವುದಿಲ್ಲ. ಸ್ಟಾಫ್ ಫೋನುಗಳನ್ನೂ, ಸಾಹೇಬರದ್ದೂ ಸೇರಿಸಿ, ಅದಕ್ಕೇ ಹಾಕಿದೆ. ಮುಖ್ಯ ನೆಟ್‌ವರ್ಕ್‌ನಲ್ಲಿ ಆಫೀಸ್ ಲ್ಯಾಪ್‌ಟಾಪ್‌ಗಳು ಮತ್ತು ಪ್ರಿಂಟರ್ ಮಾತ್ರ. ಅದರ ಪಾಸ್‌ವರ್ಡ್ ನಾನೇ ಕೂತು ಟೈಪ್ ಮಾಡಿದೆ. ವಿಂಡೋಸ್‌ನಲ್ಲಿ ಸೇವ್ ಆದ ಪಾಸ್‌ವರ್ಡನ್ನು ತೆಗೆದು ನೋಡಬಹುದು, ಹಾಗಾಗಿ ಸ್ಟಾಫ್‌ಗೆ ಅಡ್ಮಿನ್ ಅಕೌಂಟ್ ಕೊಟ್ಟಿಲ್ಲ.

ಗೊಣಗಾಟ ಬಂದದ್ದು ಪ್ರಿಂಟರ್ ವಿಷಯಕ್ಕೆ. ಫೋನಿಂದ ನೇರ ಪ್ರಿಂಟ್ ಹೋಗುವುದಿಲ್ಲವಂತೆ. ಮೇಲ್ ಮಾಡಿ, ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ತೆಗೆಯಿರಿ ಅಂದೆ.